ನಾಲ್ಕು ವರ್ಷದ ಮಗುವಿನಲ್ಲಿ ನಲವತ್ತರ ಮನುಷ್ಯ ಕಾಣುತ್ತಾನಾ?

ಪ್ರಶ್ನೆ: ನಾವು ಮಂಡ್ಯದವರು. ಮಗನಿಗೆ ನಾಲ್ಕೂವರೆ ವರ್ಷ. ಮನೆಯಲ್ಲಿ ಅವನ ಬಾಯಿ ನಿಲ್ಲುವುದೇ ಇಲ್ಲ. ಹೊರಗಿನವರು ಬಂದರೆ ಸಾಕು, ನನ್ನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾನೆ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಮೂರು ತಿಂಗಳಾಯಿತು, ಮಿಸ್ ಹತ್ತಿರ ಒಂದೆರಡು ಮಾತು, ಅದೂ ಪಿಸುದನಿಯಲ್ಲಿ. ನಮ್ಮ ಅತ್ತೆ "ಬೆಳೆಯುವ ಸಿರಿ ಮೊಳಕೆಯಲ್ಲಿ, ಇವನು ಮುಂದೆಯೂ ಹೀಗೇ" ಅನ್ನುತ್ತಾರೆ. ಸಿಹಿ ಮುಂದಿಟ್ಟಾಗ ಕಾಯುವ ಮಕ್ಕಳು ಮಾತ್ರ ಮುಂದೆ ಬರುತ್ತಾರೆ ಅಂತ ಒಂದು ವಿಡಿಯೊ ನೋಡಿದೆ. ಒಂದು ಮೈಸೂರು ಪಾಕ್ ಇಟ್ಟು, ಹತ್ತು ನಿಮಿಷ ಕಾದರೆ ಇನ್ನೊಂದು ಕೊಡುತ್ತೇನೆ ಅಂದೆ. ಅಡುಗೆಮನೆಗೆ ಹೋಗಿ ಬರುವುದರಲ್ಲಿ ತಟ್ಟೆ ಖಾಲಿ. ಇದರ ನಡುವೆ ಮಗು ಹುಟ್ಟಿದ ಆಸ್ಪತ್ರೆಯಿಂದ ಫೋನ್ ಬಂತು. ಮಕ್ಕಳ ಮನಸ್ಸಿನ ಬೆಳವಣಿಗೆಯ ಅಧ್ಯಯನವಂತೆ, 18 ವರ್ಷ ತುಂಬುವವರೆಗೂ ಆಗಾಗ ಕರೆಯುತ್ತಾರಂತೆ. "ನಮ್ಮ ಮಗನ ಮೇಲೆ ಪ್ರಯೋಗ ಯಾಕೆ?" ಅಂತ ನಮ್ಮ ಯಜಮಾನರು. ಸೇರಿಸಬಹುದಾ?

ಉತ್ತರ:

ಮೊದಲು ಮೈಸೂರು ಪಾಕಿನ ವಿಷಯ ಮುಗಿಸಿಬಿಡೋಣ. ನಾಲ್ಕೂವರೆ ವರ್ಷದ ಹುಡುಗ ಕಣ್ಣೆದುರಿಗಿದ್ದ ಸಿಹಿಯನ್ನು ತಿಂದ. ಅದರಿಂದ ಅವನ ಮುಂದಿನ ಬದುಕಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ನೀವು ನೋಡಿದ ವಿಡಿಯೊದ ಮೂಲ ಅಮೆರಿಕದ್ದು. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ ಈ ಪರೀಕ್ಷೆ ಮಾಡಿದರು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ವಿಚಾರಿಸಿದರು. ಹೆಚ್ಚು ಹೊತ್ತು ಕಾದಿದ್ದ ಮಕ್ಕಳಿಗೆ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿದೆ ಎಂದು 1990ರಲ್ಲಿ ಬರೆದರು. ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಹಾಗೆ ಹಿಂಬಾಲಿಸಿದ ಗುಂಪು ಬಹಳ ಚಿಕ್ಕದು. ಹೆಚ್ಚಿನವರು ಅದೇ ವಿಶ್ವವಿದ್ಯಾಲಯದ ಪ್ರೊಫೆಸರ್‌ಗಳ, ವಿದ್ಯಾರ್ಥಿಗಳ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಅವರ ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದರು. ಆ ಮಕ್ಕಳಿಗೂ ಪರೀಕ್ಷೆಯ ಹೊತ್ತಿಗೆ ನಾಲ್ಕೂವರೆ ವರ್ಷ, ನಿಮ್ಮ ಮಗನಷ್ಟೇ. ಅವರಿಗೆ 15 ತುಂಬಿದಾಗ ನೋಡಿದರೆ, ಕಾಯುವುದಕ್ಕೂ ಕಲಿಕೆಗೂ ಇದ್ದ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ತಾಯಿಯ ಓದು, ಮನೆಯ ವರಮಾನ, ಮನೆಯ ವಾತಾವರಣ ಇವನ್ನೆಲ್ಲ ಲೆಕ್ಕಕ್ಕೆ ತಂದ ಮೇಲೆ ಅದರಲ್ಲೂ ಮೂರನೇ ಒಂದು ಭಾಗ ಉಳಿದರೆ ಹೆಚ್ಚು. ಮಗುವಿನ ನಡವಳಿಕೆಗಂತೂ ಇದಕ್ಕೂ ಸಂಬಂಧವೇ ಸರಿಯಾಗಿ ಕಾಣಲಿಲ್ಲ.

ಕಾಯುವುದು ನಂಬಿಕೆಯ ಮೇಲೂ ನಿಂತಿದೆ. ರೋಚೆಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಿಹಿ ಇಡುವ ಮೊದಲು ದೊಡ್ಡವರು "ಚಿತ್ರ ಬರೆಯಲು ಒಳ್ಳೆಯ ಸಾಮಾನು ತರುತ್ತೇನೆ" ಎಂದು ಹೇಳಿ, ಕೆಲವು ಮಕ್ಕಳಿಗೆ ತಂದು ಕೊಟ್ಟರು, ಕೆಲವರಿಗೆ ಬರಿಗೈಯಲ್ಲಿ ಬಂದರು. ಮಾತು ತಪ್ಪಿದವರ ಮುಂದೆ ಮಕ್ಕಳು ಸರಾಸರಿ ಮೂರು ನಿಮಿಷ ಕಾದರು. ಮಾತು ಉಳಿಸಿಕೊಂಡವರಿಗಾಗಿ ಹನ್ನೆರಡು ನಿಮಿಷ ಕಾದರು. ಮಕ್ಕಳು ದೊಡ್ಡವರನ್ನು ನೋಡಿಯೇ ಲೆಕ್ಕ ಹಾಕುತ್ತವೆ, ಅಲ್ವಾ?

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಚಿಕ್ಕಂದಿನ ಸ್ವಭಾವ ಮುಂದೆಯೂ ಉಳಿಯುತ್ತದಾ? ಒಂದು ದಿನ ಒಂದು ಪರೀಕ್ಷೆ ಮಾಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಲ್ಲಿ ಇವತ್ತು ನೀರು 100 ಅಡಿ ಅಂದರೆ ನಿಮ್ಮೂರಿನ ರೈತ ಅಷ್ಟಕ್ಕೇ ನಾಟಿ ಮಾಡುವುದಿಲ್ಲ. ನಿನ್ನೆ ಎಷ್ಟಿತ್ತು, ಒಳಹರಿವು ಎಷ್ಟು, ಹೊರಗೆ ಎಷ್ಟು ಬಿಡುತ್ತಿದ್ದಾರೆ, ಕೊಡಗಲ್ಲಿ ಮಳೆ ಹೇಗಿದೆ ಎಂದು ಕೇಳುತ್ತಾನೆ. ಮಕ್ಕಳ ಮನಸ್ಸನ್ನು ಓದುವವರೂ ಹೀಗೆಯೇ. ಒಂದೇ ಮಗುವನ್ನು ಮೂರರಲ್ಲಿ, ಐದರಲ್ಲಿ, ಹತ್ತರಲ್ಲಿ, ಹದಿನೈದರಲ್ಲಿ, ಮೂವತ್ತರಲ್ಲಿ ಮತ್ತೆ ಮತ್ತೆ ಹೋಗಿ ನೋಡುತ್ತಾರೆ.

ಇಂಥ ಕೆಲಸದಲ್ಲಿ ನನಗೆ ಹೆಚ್ಚು ಗೌರವ ಇರುವುದು ನ್ಯೂಜಿಲೆಂಡಿನ ಡುನೆಡಿನ್ ಅಧ್ಯಯನದ ಮೇಲೆ. 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಆ ಊರಿನ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ 1,037 ಮಕ್ಕಳು ಅದರಲ್ಲಿದ್ದಾರೆ. ಬಡವರ ಮಕ್ಕಳು, ಶ್ರೀಮಂತರ ಮಕ್ಕಳು ಎಲ್ಲರೂ ಇದ್ದಾರೆ. ಈಗ ಅವರೆಲ್ಲ ಐವತ್ತು ದಾಟಿದ್ದಾರೆ. 45ನೇ ವಯಸ್ಸಿನ ತಪಾಸಣೆಗೆ ಬದುಕಿದ್ದವರಲ್ಲಿ ನೂರಕ್ಕೆ 94 ಮಂದಿ ಬಂದಿದ್ದರು. ಬೇರೆ ದೇಶಕ್ಕೆ ಹೋದವರನ್ನು ವಿಮಾನದ ಟಿಕೆಟ್ ಕೊಟ್ಟು ಕರೆಸುತ್ತಾರೆ. ಸುಮ್ನೆ ಇಷ್ಟು ಕಷ್ಟಪಡುವುದಿಲ್ಲ. ಇಂಥ ಅಧ್ಯಯನದಿಂದ ಮೊದಲು ಬಿಟ್ಟುಹೋಗುವವರು ಸಾಮಾನ್ಯವಾಗಿ ಕಷ್ಟದಲ್ಲಿರುವವರು: ಮನೆ ಬದಲಿಸುತ್ತಲೇ ಇರುವವರು, ಕೆಲಸ ಕಳೆದುಕೊಂಡವರು, ಕಾಯಿಲೆಯವರು. ಅವರು ಬಿಟ್ಟುಹೋದರೆ ಉಳಿದವರ ಲೆಕ್ಕ ನೋಡಿ "ಎಲ್ಲರೂ ಚೆನ್ನಾಗಿದ್ದಾರೆ" ಎಂದು ತಪ್ಪು ತಿಳಿಯುತ್ತೇವೆ.

ಆ ಮಕ್ಕಳ ಸ್ವಭಾವವನ್ನು ಮೂರನೇ ವಯಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ ಕೂತು ಗಮನಿಸಿದ್ದರು. ನೂರಕ್ಕೆ ಎಂಟರಷ್ಟು ಮಕ್ಕಳು ಹೊಸಬರ ಮುಂದೆ ತೀರಾ ಮುದುಡಿಕೊಳ್ಳುವವರು, ಮಾತಿಲ್ಲದವರು. 26ನೇ ವಯಸ್ಸಿನಲ್ಲಿ ನೋಡಿದಾಗ ಅದರ ಗುರುತು ಉಳಿದಿತ್ತು. ಮುನ್ನುಗ್ಗುವವರಲ್ಲ, ಎಚ್ಚರ ಜಾಸ್ತಿ, ತಮ್ಮನ್ನು ತಾವು ಬಿಗಿಹಿಡಿಯುವವರು. ಹಾಗಾಗಿ ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಹತ್ತಾರು ಮಕ್ಕಳು ಬೆಳೆಯುವುದನ್ನು ಕಂಡವರು. ಆದರೆ ಮುಂದಿನದನ್ನೂ ಕೇಳಿ. ಅದೇ ಮಕ್ಕಳು 21 ವರ್ಷದವರಾದಾಗ ಅವರ ಕೆಲಸ ಹೇಗಿದೆ, ಸಂಗಾತಿಯ ಜೊತೆ ಹೇಗಿದ್ದಾರೆ ಎಂದು ವಿಚಾರಿಸಿದ್ದರು. ಎರಡರಲ್ಲೂ ಅವರು ಬೇರೆಯವರ ಹಾಗೆಯೇ ಚೆನ್ನಾಗಿದ್ದರು. ನೆಂಟರಿಷ್ಟರ, ಸ್ನೇಹಿತರ ಬೆಂಬಲ ಮಾತ್ರ ಸ್ವಲ್ಪ ಕಡಿಮೆ ಇತ್ತು. ನಾಚಿಕೆಯ ಹುಡುಗ ನಾಚಿಕೆಯ ಗಂಡಸಾಗಬಹುದು. ಅದರಿಂದ ಅವನ ಬದುಕು ಕೆಡಬೇಕೆಂದೇನೂ ಇಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ನಾವು ಮಕ್ಕಳಿಗೆ ಎಷ್ಟು ಅನ್ಯಾಯ ಮಾಡುತ್ತೇವೆ!

ಕಾಯುವ ಗುಣದ ಬಗ್ಗೆಯೂ ಡುನೆಡಿನ್‌ನವರು ಕೆಲಸ ಮಾಡಿದ್ದಾರೆ, ಬೇರೆ ರೀತಿಯಲ್ಲಿ. ಒಂದು ತುಂಡು ಸಿಹಿಯನ್ನು ನಂಬಿ ಕೂರಲಿಲ್ಲ. ಮೂರರಿಂದ ಹನ್ನೊಂದನೇ ವಯಸ್ಸಿನವರೆಗೆ ತಂದೆತಾಯಿ, ಮೇಷ್ಟರು, ಗಮನಿಸುವವರು, ಆಮೇಲೆ ಮಗು ತಾನೇ, ಹೀಗೆ ಎಲ್ಲರ ಮಾತನ್ನೂ ಸೇರಿಸಿ ಲೆಕ್ಕ ಮಾಡಿದರು. ಹಾಗೆ ಅಳೆದಾಗ, ತಮ್ಮ ಮೇಲೆ ಹಿಡಿತ ಕಡಿಮೆ ಇದ್ದ ಮಕ್ಕಳಿಗೆ 32ನೇ ವಯಸ್ಸಿಗೆ ಆರೋಗ್ಯದ, ಹಣದ ತಾಪತ್ರಯ ಹೆಚ್ಚು ಎಂದು ಕಂಡುಬಂತು. ಇದನ್ನು ಟೆರಿ ಮೊಫಿಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಅದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಬೆಳೆಯುತ್ತಾ ಹಿಡಿತ ಕಲಿತ ಮಕ್ಕಳು ಇದ್ದರು. ಅವರ ಸ್ಥಿತಿ, ಚಿಕ್ಕಂದಿನ ಅಂಕ ನೋಡಿ ಊಹಿಸಿದ್ದಕ್ಕಿಂತ ಚೆನ್ನಾಗಿತ್ತು.

ಇವೆಲ್ಲ ಗುಂಪಿನ ಮಾತುಗಳು. ಸಾವಿರ ಮಕ್ಕಳಲ್ಲಿ ಇಂಥವರಿಗೆ ಇಂಥದ್ದು ಜಾಸ್ತಿ ಎಂದು ಹೇಳಬಹುದು. ನಿಮ್ಮ ಮಗ ಏನಾಗುತ್ತಾನೆ ಎಂದು ಇದರಿಂದ ಹೇಳಲಾಗದು. 1921ರಲ್ಲಿ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಶಕ್ತಿಯ ಪರೀಕ್ಷೆ ಮಾಡಿ ಸುಮಾರು 1,500 ಜಾಣ ಮಕ್ಕಳನ್ನು ಆರಿಸಿ, ಅವರ ಜೀವನವಿಡೀ ಹಿಂಬಾಲಿಸಲು ಶುರುಮಾಡಿದರು. ಪರೀಕ್ಷೆ ಬರೆದು ಆಯ್ಕೆಯಾಗದೆ ಉಳಿದವರಲ್ಲಿ ಇಬ್ಬರು ಹುಡುಗರಿಗೆ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿಸ್ ಆಲ್ವಾರೆಜ್.

ನಾಚಿಕೆಗೆ ವಾಪಸ್ ಬರೋಣ, ನಿಮಗೆ ಬೇಕಿರುವುದು ಅದೇ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಗಂಡ ಹೆಂಡತಿ, ಇಬ್ಬರೂ ಮನೋವೈದ್ಯರು. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಎಳೆ ಮಕ್ಕಳನ್ನು ಹಿಂಬಾಲಿಸಲು ಆರಂಭಿಸಿದರು. ನೂರಕ್ಕೆ ಸುಮಾರು 15 ಮಕ್ಕಳು ಹೊಸ ಜಾಗ, ಹೊಸ ಮುಖ, ಹೊಸ ಊಟ ಕಂಡರೆ ಮೊದಲು ಹಿಂಜರಿಯುತ್ತಿದ್ದರು. ಅವಸರ ಮಾಡದೆ ಬಿಟ್ಟರೆ ನಿಧಾನವಾಗಿ ಹೊಂದಿಕೊಳ್ಳುತ್ತಿದ್ದರು. ನೀವು ಬರೆದದ್ದನ್ನು ಓದಿದರೆ ನಿಮ್ಮ ಮಗನೂ ಈ ಗುಂಪಿನವನೇ ಅನಿಸುತ್ತದೆ. ಥಾಮಸ್ ಮತ್ತು ಚೆಸ್ ಅವರ ಮುಖ್ಯ ಮಾತು ಇದು: ತೊಂದರೆ ಹುಟ್ಟುವುದು ಸ್ವಭಾವ ಒಂದರಿಂದಲೇ ಅಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನವರು ಅದರಿಂದ ಬಯಸುವುದಕ್ಕೂ ತಾಳೆಯಾಗದಿದ್ದಾಗ ತೊಂದರೆ ಶುರುವಾಗುತ್ತದೆ.

ಹಾರ್ವರ್ಡ್‌ನ ಜೆರೋಮ್ ಕೇಗನ್ ಇನ್ನೂ ಹಿಂದಕ್ಕೆ ಹೋದರು. ನಾಲ್ಕು ತಿಂಗಳ ಕೂಸಿನ ಕಣ್ಣ ಮುಂದೆ ಬಣ್ಣದ ಆಟಿಕೆ ತೂಗಿದರು, ಹೊಸ ಸದ್ದು ಕೇಳಿಸಿದರು. ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಇಂಥವರಲ್ಲಿ ನಾಚುವ ಮಕ್ಕಳಾದವರು ಹೆಚ್ಚು, ನಿಜ. ಆದರೆ ವರ್ಷಗಟ್ಟಲೆ ಒಂದೇ ಸಮನೆ ಭಯದಲ್ಲೇ ಉಳಿದವರು ಅವರಲ್ಲಿ ಕೆಲವರು ಮಾತ್ರ. ಅತ್ತ ಕೂಡಲೇ ಎತ್ತಿಕೊಂಡು ಎಲ್ಲದರಿಂದ ದೂರ ಇಟ್ಟ ಮನೆಗಳಲ್ಲಿ ಹಿಂಜರಿಕೆ ಹೆಚ್ಚು ಉಳಿಯಿತು. ಸಣ್ಣ ಸಣ್ಣ ಹೊಸದಕ್ಕೆ ಮೆಲ್ಲಗೆ ಒಗ್ಗಿಸಿದ ಮನೆಗಳಲ್ಲಿ ಕಡಿಮೆಯಾಯಿತು.

ಇದನ್ನು ನಿಮ್ಮ ಮನೆಗೆ ತರೋಣ. ಭಾನುವಾರ ನೆಂಟರು ಬಂದಿದ್ದಾರೆ ಅಂದುಕೊಳ್ಳಿ. ಹುಡುಗ ಸೆರಗಿನ ಹಿಂದೆ. ನಾವೆಲ್ಲ ಮಾಡುವುದೇನು? "ಮಾವನಿಗೆ ನಮಸ್ಕಾರ ಹೇಳು, ರೈಮ್ಸ್ ಹೇಳು" ಎಂದು ಮುಂದಕ್ಕೆ ತಳ್ಳುತ್ತೇವೆ. ಅವನು ಇನ್ನೂ ಅಂಟಿಕೊಳ್ಳುತ್ತಾನೆ. "ಇವನು ಸ್ವಲ್ಪ ಹಾಗೇ, ಯಾರ ಹತ್ತಿರವೂ ಮಾತಾಡಲ್ಲ" ಎಂದು ಅವನ ಎದುರಿಗೇ ಹೇಳುತ್ತೇವೆ. ಅವನು ಕೇಳಿಸಿಕೊಳ್ಳುತ್ತಾನೆ. ಈ ಎರಡನ್ನೂ ಇವತ್ತಿಂದ ಬಿಡಿ. ಸೆರಗಿನ ಹಿಂದೆ ನಿಂತಿದ್ದರೆ ನಿಂತಿರಲಿ, ನೀವು ನೆಂಟರ ಜೊತೆ ಮಾತು ಮುಂದುವರಿಸಿ. ಹತ್ತು ನಿಮಿಷವಾದ ಮೇಲೆ ಬಿಸ್ಕತ್ತಿನ ತಟ್ಟೆ ಅವನ ಕೈಗೆ ಕೊಟ್ಟು, "ಮಾವನ ಮುಂದೆ ಇಟ್ಟು ಬಾ" ಅನ್ನಿ. ಮಾತೇ ಬೇಕಿಲ್ಲದ ಕೆಲಸ ಅದು. ಅದು ಸಲೀಸಾದ ಮೇಲೆ ಬೀದಿಯ ಅಂಗಡಿಯಲ್ಲಿ ಅವನ ಕೈಯಿಂದಲೇ ದುಡ್ಡು ಕೊಡಿಸಿ. ಆಮೇಲೆ "ಒಂದು ಹಾಲಿನ ಪ್ಯಾಕೆಟ್" ಎಂದು ಅವನ ಬಾಯಿಂದ ಬರಲಿ. ಬಾರದಿದ್ದರೆ ನೀವೇ ಹೇಳಿ, ಮುಖ ಗಂಟಿಕ್ಕಬೇಡಿ. ಅವನ ತರಗತಿಯ ಒಂದು ಮಗುವನ್ನು, ಒಂದೇ ಮಗುವನ್ನು, ಶನಿವಾರ ಮಧ್ಯಾಹ್ನ ಮನೆಗೆ ಕರೆಯಿರಿ. ತನ್ನ ಮನೆಯಲ್ಲಿ ತನ್ನ ಆಟಿಕೆಗಳ ನಡುವೆ ಆ ಮಗುವಿನ ಜೊತೆ ಅವನ ಬಾಯಿ ಬಿಡುತ್ತದೆ. ಆ ಗೆಳೆತನ ಸೋಮವಾರ ಅವನ ಜೊತೆ ತರಗತಿಗೂ ಹೋಗುತ್ತದೆ. ಮಿಸ್ ಹತ್ತಿರ ಒಮ್ಮೆ ಮಾತಾಡಿ. ಎಲ್ಲರೆದುರು ಎಬ್ಬಿಸಿ ನಿಲ್ಲಿಸುವ ಬದಲು ಅವನ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಕೇಳಿದರೆ ಸಾಕು ಎಂದು ಹೇಳಿ.

ಒಂದು ಎಚ್ಚರಿಕೆ ಇದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದರೆ ಅದು ಬರೀ ನಾಚಿಕೆ ಆಗಿರಲಿಕ್ಕಿಲ್ಲ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಮಗ ಪಿಸುದನಿಯಲ್ಲಾದರೂ ಮಾತಾಡುತ್ತಿದ್ದಾನೆ, ಅದು ಒಳ್ಳೆಯದು. ಆದರೂ ದಸರಾ ರಜೆ ಮುಗಿದ ಮೇಲೂ ದನಿ ಏರದಿದ್ದರೆ ತೋರಿಸಿ. ಮಂಡ್ಯದಲ್ಲೇ ಮಿಮ್ಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ ಇದೆ. ಮನೆಯಲ್ಲೂ ಮಾತು ಕಡಿಮೆ, ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ ಎಂದಿದ್ದರೆ ಕಾಯಲೇಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕು. ನಿಮ್ಮ ಕಾಗದದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ನಿಮ್ಮ ಅತ್ತೆಯವರಿಗೆ ಇನ್ನೊಂದು ಅಧ್ಯಯನದ ಸುದ್ದಿ ಹೇಳಿ, ಅವರಿಗೆ ಇಷ್ಟವಾಗುತ್ತದೆ. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ತಂಡ ನಲವತ್ತು ವರ್ಷ ಹಿಂಬಾಲಿಸಿತು. ಮೂರನೇ ಒಂದು ಪಾಲು ಮಕ್ಕಳ ಮನೆಯಲ್ಲಿ ಬಡತನ, ಜಗಳ, ಕುಡಿತ, ಕಾಯಿಲೆ ಎಲ್ಲ ಇತ್ತು. ಆ ಕಷ್ಟದ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಗಟ್ಟಿಯಾಗಿ, ಇನ್ನೊಬ್ಬರನ್ನು ನೋಡಿಕೊಳ್ಳುವಂತೆ ಬೆಳೆದರು. ಅವರಿಗೆ ಏನು ಸಿಕ್ಕಿತ್ತು ಎಂದು ಹುಡುಕಿದಾಗ ಕಂಡದ್ದು, ಚಿಕ್ಕಂದಿನಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಲು ಒಬ್ಬ ದೊಡ್ಡವರು. ಎಷ್ಟೋ ಮಕ್ಕಳಿಗೆ ಅದು ಅಜ್ಜಿ, ತಾತ. ಕೆಲವರಿಗೆ ಮೇಷ್ಟರು, ನೆರೆಯವರು. ಹದಿಹರೆಯದಲ್ಲಿ ಹಾದಿ ತಪ್ಪಿದ್ದ ಮಕ್ಕಳಲ್ಲೂ ಬಹಳಷ್ಟು ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ಹದಿನೆಂಟಕ್ಕೆ ಅಧ್ಯಯನ ನಿಲ್ಲಿಸಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಅಜ್ಜಿ ಹತ್ತಿರ ಅವನು ಬಾಯಿ ತುಂಬಾ ಮಾತಾಡುತ್ತಾನಲ್ಲ, ಅದನ್ನು ಅವರು ಬಿಡದೆ ಉಳಿಸಿಕೊಳ್ಳಲಿ.

ಇನ್ನು ನಿಮ್ಮ ಯಜಮಾನರ ಅನುಮಾನ. ಅದು ಸಹಜ. ಆದರೆ ಇಂಥ ಅಧ್ಯಯನ ನಮ್ಮ ಕಡೆಗೆ ಹೊಸದಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಿಮಗೆ ಗೊತ್ತಿರಬಹುದು, ಹಳಬರು ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದಲೂ ಹೆರಿಗೆಯಾದ ಕೂಡಲೇ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಅದನ್ನು ಮುಂದೆ ಯಾರಾದರೂ ತೆರೆದು ನೋಡುತ್ತಾರೆ ಎಂದು ಆ ನರ್ಸಮ್ಮಂದಿರು ಅಂದುಕೊಂಡಿರಲಿಕ್ಕಿಲ್ಲ. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು ಮೈಸೂರಿನ ಮನೆ ಮನೆ ತಿರುಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿದರು. ಅವರ ಹೃದಯ, ಸಕ್ಕರೆ ಕಾಯಿಲೆ, ಮುಂದೆ ಮುಪ್ಪಿನಲ್ಲಿ ನೆನಪಿನ ಶಕ್ತಿ, ಎಲ್ಲವನ್ನೂ ಹುಟ್ಟಿದ ದಿನದ ಅಳತೆಯ ಜೊತೆ ಇಟ್ಟು ನೋಡಿದರು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನೇ ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಪಾರ್ಥೆನಾನ್ ಅಧ್ಯಯನ ಎಂದು ಅದರ ಹೆಸರು. ಆ ಮಕ್ಕಳು ಒಂಬತ್ತು, ಹತ್ತು ವರ್ಷದವರಾದಾಗ ನೆನಪು, ಮಾತು, ಕಲಿಕೆಯ ಪರೀಕ್ಷೆ ಮಾಡಿದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಚೆನ್ನಾಗಿದ್ದ ಮಕ್ಕಳಿಗೆ ಅಂಕ ಜಾಸ್ತಿ ಬಂತು. ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳು ಹಿಂದುಳಿದಿರಬಹುದು ಎಂದು ಊಹಿಸಿದ್ದರೆ, ಹಾಗೆ ಕಾಣಲಿಲ್ಲ. ಕಲಿಕೆ ಮತ್ತು ಮಾತಿನಲ್ಲಿ ಅವರಿಗೆ ಸ್ವಲ್ಪ ಹೆಚ್ಚೇ ಬಂತು. ಅಂಥ ಮಕ್ಕಳು ಇದ್ದದ್ದು ಕೆಲವರೇ, ಹಾಗಾಗಿ ಬಸುರಿನಲ್ಲಿ ಸಕ್ಕರೆ ಇದ್ದರೆ ಚಿಂತೆಯಿಲ್ಲ ಎಂದು ಯಾರೂ ಓದಿಕೊಳ್ಳಬಾರದು. ಬೇರೆ ದೇಶದ ಫಲಿತಾಂಶವನ್ನು ಹಾಗೆಯೇ ನಮ್ಮ ಮಕ್ಕಳಿಗೆ ಅಂಟಿಸಬಾರದು, ಇಲ್ಲಿಯೇ ನೋಡಬೇಕು ಎನ್ನುವುದಕ್ಕೆ ಇದನ್ನು ಹೇಳಿದೆ. ಹದಿಮೂರು ಹದಿನಾಲ್ಕು ವರ್ಷವಾದಾಗ ಅದೇ ಮಕ್ಕಳಲ್ಲಿ ಕೆಲವರನ್ನು ಪರಿಚಯವಿಲ್ಲದ ಇಬ್ಬರ ಮುಂದೆ ನಿಲ್ಲಿಸಿ ಐದು ನಿಮಿಷ ಮಾತಾಡಿಸಿದರು, ಐದು ನಿಮಿಷ ಬಾಯಿಲೆಕ್ಕ ಮಾಡಿಸಿದರು. ಮೊದಲು ಮತ್ತು ಆಮೇಲೆ ಎಂಜಲು ತೆಗೆದುಕೊಂಡು, ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಅಳೆದರು. ನಿಮ್ಮ ಯಜಮಾನರು ಪ್ರಯೋಗ ಎಂದು ಹೆದರುತ್ತಿರುವುದು ಹೆಚ್ಚಾಗಿ ಇಷ್ಟೇ ಇರುತ್ತದೆ: ಪ್ರಶ್ನೆಗಳು, ಆಟದಂಥ ಪರೀಕ್ಷೆ, ಅಳತೆ, ಕೆಲವೊಮ್ಮೆ ಎಂಜಲು ಅಥವಾ ರಕ್ತ. ಹೊಸ ಔಷಧಿ ಕೊಟ್ಟು ನೋಡುವುದು ಬೇರೆಯೇ ಬಗೆ. ಇದು ಆ ಬಗೆಯದ್ದಲ್ಲ ಎಂದು ಆ ತಂಡದವರ ಬಾಯಿಂದಲೇ ಕೇಳಿ ಖಚಿತ ಮಾಡಿಕೊಳ್ಳಿ.

ನನ್ನನ್ನು ಕೇಳಿದರೆ ಸೇರಿಸಿ. ಸಹಿ ಮಾಡುವ ಮೊದಲು ಕನ್ನಡದಲ್ಲಿ ಬರೆದ ಮಾಹಿತಿ ಹಾಳೆ ಕೇಳಿ ಪಡೆಯಿರಿ, ಮನೆಗೆ ತಂದು ಇಬ್ಬರೂ ಕೂತು ಓದಿ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯಾ ಎಂದು ಕೇಳಿ. ಮಗುವಿನ ಹೆಸರು, ವಿಳಾಸವನ್ನು ಬೇರೆಯಾಗಿ ಇಡುತ್ತಾರಾ? ರಕ್ತ ತೆಗೆಯುತ್ತಾರಾ, ಎಷ್ಟು ಸಲ? ಬಸ್ ಚಾರ್ಜು ಕೊಡುತ್ತಾರಾ? ಪರೀಕ್ಷೆಯಲ್ಲಿ ಮಗುವಿಗೆ ನೆರವು ಬೇಕೆಂದು ಕಂಡರೆ ನಿಮಗೆ ಹೇಳುತ್ತಾರಾ? ಕೊನೆಯ ಪ್ರಶ್ನೆಗೆ "ಇಲ್ಲ" ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ. ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ. ಅದರಿಂದ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆ ಕಡಿಮೆಯಾಗಬಾರದು. ಮನೆ ಬದಲಿಸಿದರೆ, ಫೋನ್ ನಂಬರ್ ಬದಲಿಸಿದರೆ ಮರೆಯದೆ ತಿಳಿಸಿ. ಅವರು ಹತ್ತು ವರ್ಷ ಪಟ್ಟ ಕಷ್ಟ ಒಂದು ಹಳೆಯ ನಂಬರಿನಿಂದ ಹಾಳಾಗುತ್ತದೆ.

ಈಗ ನಿಮ್ಮ ಒಪ್ಪಿಗೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳು ವರ್ಷ ತುಂಬಿದ ಮೇಲೆ ಮಗುವನ್ನೂ ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡರ ನಂತರ ಅವನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಆ ದಿನ ಅವನು ತಲೆ ಅಲ್ಲಾಡಿಸಿ ಬೇಡ ಅಂದರೆ, ಮಾತಾಡಲಿ ಬಿಡಲಿ, ಅದನ್ನು ಬೇಡ ಎಂದೇ ತೆಗೆದುಕೊಳ್ಳಿ. ಮುಂದಿನ ಸಲ ಕರೆದಾಗ ಮತ್ತೆ ಕೇಳಿ.